ಕ್ರೀಫಿನ ಗುಡ್ಡ, ಮಳವಳ್ಳಿಯ ದಾರಿ

ಪರದೇಶದಲ್ಲಿ ಕಾರು ಓಡಿಸುವವರಿಗೆ ಈಗ ಫೋನೇ ದಾರಿ ಹೇಳುತ್ತದೆ. ಆದರೂ ನಮ್ಮ ಮನೆಯ ಮಕ್ಕಳು ಸ್ಕಾಟ್ಲೆಂಡ್ ಪ್ರವಾಸಕ್ಕೆಂದು ಕಾಗದದ ನಕ್ಷೆ ತರಿಸಿ, ಮಂಡ್ಯದ ಮನೆಯ ನಡುಮನೆಯಲ್ಲಿ ಹಾಸಿ, ಯಾವುದನ್ನು ಒಯ್ಯುವುದು ಎಂದು ಚರ್ಚೆಗೆ ಕೂತರು. ಮಿಷೆಲಿನ್ ನಕ್ಷೆಯಲ್ಲಿ ಒಂದು ಸೆಂಟಿಮೀಟರಿಗೆ ನಾಲ್ಕು ಕಿಲೋಮೀಟರು. ಚೆಂದದ ರಸ್ತೆಗಳ ಪಕ್ಕದಲ್ಲಿ ಹಸಿರು ಗೆರೆ. ಆರ್ಡ್‌ನೆನ್ಸ್ ಸರ್ವೆಯ ಲ್ಯಾಂಡ್‌ರೇಂಜರ್ ಹಾಳೆಯಲ್ಲಿ ಎರಡು ಸೆಂಟಿಮೀಟರಿಗೆ ಒಂದೇ ಕಿಲೋಮೀಟರು. 40 ಕಿಲೋಮೀಟರ್ ಹೋದರೆ ಹಾಳೆ ಮುಗಿಯಿತು. ಕಾರು ಓಡಿಸುವವರಿಗೆ ಮೊದಲನೆಯದು ಸಾಕು. ಎರಡನೆಯದು ಕಾರು ನಿಲ್ಲಿಸಿ ಇಳಿಯುವವರಿಗೆ.

ನನ್ನ ಕಣ್ಣು ಸಿಕ್ಕಿಕೊಂಡದ್ದು ಎರಡನೆಯದರಲ್ಲೇ. ಪರ್ತ್‌ಶೈರಿನ ಕ್ರೀಫ್ ಎಂಬ ಊರಿನ ಪಶ್ಚಿಮಕ್ಕೆ, ಎತ್ತರ ತೋರಿಸುವ ಗೆರೆಗಳು ಒತ್ತೊತ್ತಾಗಿ ಸುತ್ತಿಕೊಂಡ ಗುಡ್ಡದ ಮೇಲೆ ಒಂದು ಸ್ಮಾರಕದ ಗುರುತು. ಯಾರದೆಂದು ಹುಡುಕಿದರೆ ಡೇವಿಡ್ ಬೇರ್ಡ್‌ನದು! ಮೂರೂವರೆ ವರ್ಷಕ್ಕೂ ಮಿಕ್ಕಿ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದು, 1799ರ ಮೇ 4ರಂದು ಅದೇ ಕೋಟೆಗೆ ಲಗ್ಗೆ ಹಾಕಿದವರ ಮುಂದಾಳಾಗಿ ಬಂದವನು.

ಅವನೂ ಪರದೇಶದಲ್ಲಿ ದಾರಿ ತಪ್ಪಿದವನೇ. ಆ ವರ್ಷದ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೈನ್ಯದೊಡನೆ ಕಾದಾಟ ಮುಗಿಸಿ, ಸೋಸಲೆಯಲ್ಲಿ ಕಾವೇರಿ ದಾಟಿ ದಂಡು ಶ್ರೀರಂಗಪಟ್ಟಣ ಮುಟ್ಟಿತ್ತು. ಏಪ್ರಿಲ್ ಮೊದಲ ವಾರದ ಒಂದು ರಾತ್ರಿ, ತೋಪೊಂದನ್ನು ಶೋಧಿಸಿ ಬೇರ್ಡ್ ಬಿಡಾರಕ್ಕೆ ಹಿಂದಿರುಗುತ್ತಿದ್ದ. ಜತೆಗಿದ್ದ ವಿಲಿಯಂ ಲ್ಯಾಂಬ್ಟನ್ ಆಕಾಶ ನೋಡಿ, ನಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ, ನೇರ ಟಿಪ್ಪುವಿನ ಪಾಳೆಯದ ಕಡೆಗೆ ಹೋಗುತ್ತಿದ್ದೇವೆ ಎಂದ. ದಾರಿಗೆ ನಕ್ಷತ್ರಗಳನ್ನು ಕೇಳಬೇಕಾಗಿಲ್ಲ ಎಂದು ಬೇರ್ಡ್ ತಳ್ಳಿಹಾಕಿದ. ಆಮೇಲೆ ದಿಕ್ಸೂಚಿ ತೆಗೆದು ನೋಡಿದರೆ ನಕ್ಷತ್ರಗಳು ಹೇಳಿದ್ದೇ ಸರಿ.

ಲ್ಯಾಂಬ್ಟನ್ ಅಲ್ಲಿಗೆ ನಿಲ್ಲಲಿಲ್ಲ. 1802ರ ಏಪ್ರಿಲಿನಲ್ಲಿ ಮದರಾಸಿನ ಬಳಿ ಉಕ್ಕಿನ ಸರಪಳಿ ಹಾಸಿ ಇಡೀ ಇಂಡಿಯಾದ ತ್ರಿಕೋನ ಮೋಜಣಿಗೆ ಕೈಹಾಕಿದ. 1823ರಲ್ಲಿ ಆ ಕೆಲಸದ ನಡುವೆಯೇ ತೀರಿಕೊಂಡ. ಗೆದ್ದ ನೆಲವನ್ನು ಆಳುವುದಕ್ಕೆ ಅಳೆದರು, ಅದನ್ನು ಮರೆಯಬೇಕಾಗಿಲ್ಲ. ಆದರೆ ಅವನಿಗಿದ್ದ ಹುಚ್ಚು ಬೇರೆ: ಭೂಮಿಯ ಆಕಾರ ನಿಜಕ್ಕೂ ಎಂಥದು ಎಂದು ತಿಳಿಯುವುದು. ಕಂಪನಿಯ ದುಡ್ಡಿನಲ್ಲಿ ಇಂಥ ಹುಚ್ಚೂ ನಡೆದುಹೋಯಿತು!

ಆ ಹುಚ್ಚು ನನಗೆ ಅರ್ಥವಾದದ್ದು ನಕ್ಷೆಯ ಅಂಚಿನ ಅಂಕಿಗಳನ್ನು ನೋಡಿದಾಗ. ಮಳವಳ್ಳಿಯಿಂದ ಮೂಡಲಿಗೆ ಒಂದು ಡಿಗ್ರಿ ರೇಖಾಂಶ ದಾಟಲು ಸುಮಾರು 109 ಕಿಲೋಮೀಟರ್ ಹೋಗಬೇಕು. ಕ್ರೀಫಿನಲ್ಲಿ ಅದೇ ಒಂದು ಡಿಗ್ರಿಗೆ 62 ಕಿಲೋಮೀಟರ್ ಸಾಕು. ಭೂಮಿ ಗುಂಡಗಿದೆ ಎಂದು ಶಾಲೆಯಲ್ಲಿ ಓದಿದ್ದೆ. ಬೆರಳಿಟ್ಟು ನೋಡಿದ್ದು ಈಗಲೇ.

ಮಕ್ಕಳಿಗೆ ನಾನು ಹೇಳಿದ್ದು ಇಷ್ಟೆ. ದಾರಿಗೆ ಮಿಷೆಲಿನ್ ಇರಲಿ, ಜತೆಗೆ ಉಳಿದುಕೊಳ್ಳುವ ಊರಿನ ಲ್ಯಾಂಡ್‌ರೇಂಜರ್ ಒಂದಿರಲಿ. ಫೋನು ನಾವು ಕೇಳಿದ್ದನ್ನು ಹೇಳುತ್ತದೆ. ಬೇರ್ಡ್‌ನ ಗುಡ್ಡವನ್ನು ನಾವು ಯಾರೂ ಕೇಳಿರಲಿಲ್ಲ.

ಹೊರದೇಶಕ್ಕೆ ಹೋಗದವರಿಗೂ ಈ ಸುಖ ಉಂಟು. ನಮ್ಮ ಸರ್ವೆ ಆಫ್ ಇಂಡಿಯಾದ ಸ್ಥಳಾಕೃತಿ ಹಾಳೆಗಳ ಪ್ರಮಾಣವೂ ಲ್ಯಾಂಡ್‌ರೇಂಜರಿನದ್ದೇ, 1:50,000. ಸಾರ್ವಜನಿಕರಿಗಾಗಿ ಇರುವ ಹಾಳೆಗಳನ್ನು 2017ರಿಂದ ಅದರ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತಿದ್ದಾರೆ. ನಿಮ್ಮ ತಾಲ್ಲೂಕಿನದನ್ನು ಇಳಿಸಿಕೊಂಡು ಒಂದು ಸಂಜೆ ನೋಡಿ. ಮಂಡ್ಯದ ಕಡೆಯವರಿಗೆ ಒಂದು ಹಾಳೆ ಸಾಲದು. 77 ಡಿಗ್ರಿ ರೇಖಾಂಶ ಮಂಡ್ಯಕ್ಕೂ ಮದ್ದೂರಿಗೂ ನಡುವೆ ಹಾಯುತ್ತದೆ, ಹನ್ನೆರಡೂವರೆ ಡಿಗ್ರಿ ಅಕ್ಷಾಂಶ ಮದ್ದೂರಿಗೂ ಮಳವಳ್ಳಿಗೂ ನಡುವೆ. ಹಳೆಯ ಸಂಖ್ಯೆಯಲ್ಲಿ ಹೇಳುವುದಾದರೆ ಮಂಡ್ಯ 57ಡಿ/14, ಮದ್ದೂರು 57ಹೆಚ್/2, ಮಳವಳ್ಳಿ 57ಹೆಚ್/3. ಮೂರು ಊರಿಗೆ ಮೂರು ಹಾಳೆ.