ಸನ್ನಿಧಿ ಇದ್ದರೆ ಸಾಕೆ?

ಕ್ಯಾಲಿಫೋರ್ನಿಯಾದಲ್ಲಿ ಕಾರು ಓಡಿಸುವಾಗ ಫೋನು ಕೈಯಲ್ಲಿರಬಾರದು. 2017ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಅದು ಡ್ಯಾಶ್‌ಬೋರ್ಡಿನ ಮೇಲೋ ಮುಂದಿನ ಗಾಜಿನ ಕೆಳಮೂಲೆಯಲ್ಲೋ ಭದ್ರವಾಗಿ ಕೂತಿರಬೇಕು. ಅದನ್ನು ಒಂದು ಸಲ ಮುಟ್ಟಬಹುದು, ಅಷ್ಟೆ. ನಕ್ಷೆ ನೋಡಲೆಂದು ಕೈಯಲ್ಲಿ ಹಿಡಿದರೂ ತಪ್ಪು ತಪ್ಪೇ ಎಂದು ಸ್ಯಾನ್ ಹೋಸೆಯ ಮೇಲ್ಮನವಿ ನ್ಯಾಯಾಲಯ 2025ರಲ್ಲಿ ತೀರ್ಪು ಕೊಟ್ಟಿದೆ. ಫ್ರೀಮಾಂಟಿನಲ್ಲಿ ಮನೆ, ಸನಿವೇಲ್‌ನಲ್ಲಿ ಕೆಲಸ ಇರುವ ನನಗೆ 880 ಮತ್ತು 237 ಹೆದ್ದಾರಿಗಳ ಸಂಜೆಯ ದಟ್ಟಣೆಯಲ್ಲಿ ನಕ್ಷೆ ಬೇಕೇ ಬೇಕು. ಹಾಗಾಗಿ ಫೋನು ಕೂರಲು ಒಂದು ಪೀಠ ಬೇಕಾಯಿತು. ಕೂತಲ್ಲೇ, ತಂತಿ ಸಿಕ್ಕಿಸದೆ ಚಾರ್ಜೂ ಆಗಬೇಕು. ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. ನಾನು ಗ್ಯಾರೇಜಿನಲ್ಲಿ ಕೂತು ಕೈಯಾರೆ ಮಾಡಿಕೊಂಡೆ. ಅದನ್ನು ಮಾಡುವಾಗ, ಓದುವ ವಯಸ್ಸಿನಿಂದ ನನ್ನನ್ನು ಬಿಡದ ಒಂದು ಪ್ರಶ್ನೆ ಮತ್ತೆ ಎದುರಿಗೆ ಬಂತು. ದೇವರು ಎಲ್ಲೆಲ್ಲೂ ಇದ್ದಾನೆ, ಉಸಿರಿಗಿಂತ ಹತ್ತಿರ ಇದ್ದಾನೆ ಎನ್ನುತ್ತೇವೆ. ಅಷ್ಟು ಹತ್ತಿರ ಇದ್ದೂ ನಮ್ಮೊಳಗೆ ಏನೂ ಆಗದೆ ವರ್ಷಗಳು ಕಳೆದುಹೋಗುವುದು ಹೇಗೆ?

ಪೀಠಕ್ಕೆ ವಾಲ್‌ನಟ್ ಮರದ ಅಂಗೈಯಗಲದ ತುಂಡೊಂದನ್ನು ಆರಿಸಿದೆ. ಪ್ಲಾಸ್ಟಿಕ್ ಬೇಡವೆಂದದ್ದಕ್ಕೆ ಕಾರಣವಿದೆ. ತ್ರೀ-ಡಿ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮೆತ್ತಗಾಗುತ್ತದೆ. ಲಿವರ್‌ಮೋರಿನ ಬೇಸಿಗೆ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು ಅದಕ್ಕಿಂತ ಹೆಚ್ಚು ಕಾಯುತ್ತದೆ. ಮರದ ಹಿಂಬದಿಯಿಂದ ಉಳಿಯಲ್ಲಿ ದುಂಡನೆಯ ಗುಳಿ ತೆಗೆಯುತ್ತಾ ಬಂದು, ಮುಂಬದಿಯಲ್ಲಿ ತೆಳ್ಳನೆಯ ಪದರ ಮಾತ್ರ ಉಳಿಸಿದೆ. ದೀಪಕ್ಕೆ ಹಿಡಿದರೆ ಬೆಳಕು ಕೆಂಪಗೆ ತೂರಿ ಬರುವಷ್ಟು ತೆಳುವು. ಅದರ ಹಿಂದೆ ಸುರುಳಿ. ಕೂದಲಿನಂಥ ಹಲವಾರು ಎಳೆಗಳನ್ನು, ಒಂದೊಂದಕ್ಕೂ ಮೆರುಗು ಲೇಪಿಸಿ, ಹೊಸೆದು ಮಾಡಿದ ತಾಮ್ರದ ತಂತಿಯನ್ನು ಚಕ್ಕುಲಿ ಸುತ್ತಿದ ಹಾಗೆ ಸುತ್ತಿರುತ್ತಾರೆ. ಸುರುಳಿಯ ಬೆನ್ನಿಗೆ ಫೆರೈಟ್ ಬಿಲ್ಲೆ. ಅದು ಕಾಂತಕ್ಷೇತ್ರವನ್ನು ಹಿಂದಕ್ಕೆ ಚೆದುರಗೊಡದೆ ಫೋನಿನ ಕಡೆ ತಿರುಗಿಸುತ್ತದೆ. ಸುತ್ತಲೂ ಪುಟ್ಟ ಪುಟ್ಟ ಅಯಸ್ಕಾಂತಗಳ ಬಳೆ. ಫೋನು ಬಂದು ಸರಿಯಾದ ಜಾಗದಲ್ಲಿ ತಾನೇ ಕಚ್ಚಿಕೊಳ್ಳಲಿ ಎಂದು. ಕಾರಿನ 12 ವೋಲ್ಟ್ ಸಾಕೆಟ್ಟಿನಿಂದ ಫ್ಯೂಸಿನ ಮೂಲಕ ವಿದ್ಯುತ್ತು. ಸುರುಳಿಯ ಹತ್ತಿರ ಕಬ್ಬಿಣದ ಒಂದು ಸ್ಕ್ರೂ ಕೂಡ ಇಲ್ಲ.

ಈ ಸುರುಳಿಗೂ ಫೋನಿನ ಬೆನ್ನೊಳಗಿರುವ ಸುರುಳಿಗೂ ನಡುವೆ ಮರ ಇದೆ, ಗಾಜು ಇದೆ, ಫೋನಿನ ಕವಚ ಇದೆ. ಒಂದನ್ನೊಂದು ಮುಟ್ಟುವುದೇ ಇಲ್ಲ. ಆದರೂ ಶಕ್ತಿ ದಾಟುತ್ತದೆ. ಇದನ್ನು ಮೊದಲು ಕಂಡವನು ಮೈಕೆಲ್ ಫ್ಯಾರಡೆ, 1831ರ ಆಗಸ್ಟ್ 29ರಂದು, ಲಂಡನ್ನಿನಲ್ಲಿ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತವನು. ಕಬ್ಬಿಣದ ಬಳೆಯ ಎರಡು ಕಡೆ ತಾಮ್ರದ ತಂತಿ ಸುತ್ತಿದ. ಸುತ್ತು ಸುತ್ತಿನ ನಡುವೆ ದಾರ, ಬಟ್ಟೆ ಇಟ್ಟು ಬೇರ್ಪಡಿಸಿದ. ಒಂದು ಸುರುಳಿಗೆ ಬ್ಯಾಟರಿ, ಇನ್ನೊಂದಕ್ಕೆ ಕಾಂತಸೂಜಿ. ಬ್ಯಾಟರಿ ಜೋಡಿಸಿದ ಕ್ಷಣ ಸೂಜಿ ಅಲುಗಿತು, ಮತ್ತೆ ಸುಮ್ಮನಾಯಿತು. ಬ್ಯಾಟರಿ ಜೋಡಿಸಿಯೇ ಇತ್ತು, ಕರೆಂಟು ಹರಿಯುತ್ತಲೇ ಇತ್ತು. ಸೂಜಿ ಮಾತ್ರ ಸತ್ತಂತೆ ಮಲಗಿತ್ತು. ತಂತಿ ಕಿತ್ತಾಗ ಮತ್ತೊಮ್ಮೆ ಅಲುಗಿತು. ಇದ್ದ ಹಾಗೇ ಇರುವ ಬಲ ಎಷ್ಟೇ ದೊಡ್ಡದಿರಲಿ, ಪಕ್ಕದ ಸುರುಳಿಯಲ್ಲಿ ಏನನ್ನೂ ಹುಟ್ಟಿಸದು. ಬದಲಾದರೆ ಮಾತ್ರ ಹುಟ್ಟಿಸುತ್ತದೆ. ನನ್ನ ಕಾರಿನ ಪೀಠದಲ್ಲೂ ಕರೆಂಟು ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ಹಿಂದೆ ಮುಂದೆ ತೊಯ್ದಾಡುತ್ತದೆ. ಬ್ಯಾಟರಿಯ ನೇರ ಕರೆಂಟನ್ನೇ ಸುರುಳಿಗೆ ಕೊಟ್ಟಿದ್ದರೆ ಮರ ಬಿಸಿಯಾಗುತ್ತಿತ್ತು, ಫೋನಿಗೆ ಒಂದು ಹನಿಯೂ ಸೇರುತ್ತಿರಲಿಲ್ಲ.

ಬದಲಾಗದೆ ಬರಿದೆ ಹತ್ತಿರ ಇರುವುದರ ಬಗ್ಗೆ ಶಂಕರರೂ ಒಂದು ಮಾತು ಹೇಳಿದ್ದಾರೆ, ಈಗ ಅದಕ್ಕೆ ಬರುತ್ತೇನೆ. ಸಾಂಖ್ಯರಿಗೆ ಒಂದು ತೊಡಕಿತ್ತು. ಅವರ ಪುರುಷ, ಅಂದರೆ ಚೇತನ, ನಿಷ್ಕ್ರಿಯ; ಪ್ರಧಾನ, ಅಂದರೆ ಮೂಲಪ್ರಕೃತಿ, ಜಡ. ಹಾಗಾದರೆ ಜಗತ್ತು ಚಲಿಸಿದ್ದು ಯಾರಿಂದ? ಅಯಸ್ಕಾಂತ ತಾನು ಅಲುಗದೆ ಬರಿಯ ಸನ್ನಿಧಿಯಿಂದ ಕಬ್ಬಿಣವನ್ನು ಅಲುಗಿಸುವುದಿಲ್ಲವೇ, ಹಾಗೆ, ಎಂದು ಅವರ ಉತ್ತರ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದದ ಏಳನೆಯ ಸೂತ್ರ ಎತ್ತಿಕೊಳ್ಳುವುದು ಇದನ್ನೇ. ಅಲ್ಲಿ ಶಂಕರರು ಹಾಕುವ ಆಕ್ಷೇಪ ಬಹಳ ಹರಿತವಾದದ್ದು. ಪುರುಷ ಸದಾ ಪ್ರಧಾನದ ಹತ್ತಿರವೇ ಇದ್ದಾನಲ್ಲ, ಹಾಗಿದ್ದರೆ ಚಲನೆಯೂ ಸದಾ ಇರಬೇಕಾಗುತ್ತದೆ. ಅಯಸ್ಕಾಂತದ ವಿಷಯ ಬೇರೆ. ಅದರ ಸನ್ನಿಧಿ ನಿತ್ಯವಲ್ಲ. ಅದನ್ನು ಹತ್ತಿರ ತರಬೇಕು, ಒರೆಸಿ ಶುದ್ಧಮಾಡಬೇಕು. ಹೀಗೆ ಹೇಳುವ ಶಂಕರರೇ ಅದೇ ಪಾದದಲ್ಲಿ ತುಸು ಮೊದಲು, ತಾನು ಚಲಿಸದಿದ್ದದ್ದೂ ಬೇರೆಯದನ್ನು ಚಲಿಸುವಂತೆ ಮಾಡಬಲ್ಲದು ಎನ್ನಲು ಅದೇ ಅಯಸ್ಕಾಂತವನ್ನು ತಮ್ಮ ಪಕ್ಷಕ್ಕೂ ಕರೆದಿದ್ದಾರೆ. ಅವರಿಗೆ ಬೇಡವಾದದ್ದು ಅಯಸ್ಕಾಂತವಲ್ಲ, ಹತ್ತಿರ ಇದ್ದರೆ ಸಾಕು ಎಂಬ ವಾದ. ಬ್ರಹ್ಮ ತನ್ನ ಸ್ವರೂಪದಲ್ಲಿ ಉದಾಸೀನ, ಮಾಯೆಯನ್ನು ಆಶ್ರಯಿಸಿ ಪ್ರವರ್ತಕ ಎಂದು ಅವರು ತಮ್ಮ ದಾರಿಯನ್ನು ಬೇರೆ ಮಾಡಿಕೊಳ್ಳುತ್ತಾರೆ.

ಶಂಕರರಿಗೆ ಫ್ಯಾರಡೆ ಕಂಡ ವಿದ್ಯುತ್ ಪ್ರೇರಣೆ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಶಾಸ್ತ್ರದಲ್ಲಿ ವಿಜ್ಞಾನ ಹುಡುಕಿ ಹೆಮ್ಮೆಪಡುವ ಭಾಷಣಗಳನ್ನು ಇಲ್ಲಿನ ನಮ್ಮವರ ಸಭೆಗಳಲ್ಲಿ ಕೇಳಿ ಕೇಳಿ ನನಗೆ ಬೇಸರ ಬಂದಿದೆ. ಅದರಿಂದ ಶಾಸ್ತ್ರಕ್ಕೂ ಅವಮಾನ, ಫ್ಯಾರಡೆಗೂ ಅವಮಾನ. ನಾನು ಹೇಳುವುದು ಇಷ್ಟೆ: ಒಳ್ಳೆಯ ತಾರ್ಕಿಕನೊಬ್ಬ, ಬದಲಾಗದ ಕಾರಣದಿಂದ ಬದಲಾಗುವ ಕಾರ್ಯ ಹೇಗೆ ಹುಟ್ಟೀತು ಎಂದು ಕೇಳಿದ. ಆ ಪ್ರಶ್ನೆ ತತ್ತ್ವದಲ್ಲೂ ನಿಲ್ಲುತ್ತದೆ, ಭಕ್ತಿಯಲ್ಲೂ ನಿಲ್ಲುತ್ತದೆ.

ಭಕ್ತಿಯಲ್ಲಿ ಅದು ಹೇಗೆ ನಿಲ್ಲುತ್ತದೆಂದು ನೋಡಬೇಕಾದರೆ ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗಬೇಕು. ಹೊಸ ಕಾರು ಕೊಂಡ ನಮ್ಮ ಜನ ಮೊದಲು ಹೋಗುವುದು ಅಲ್ಲಿಗೆ. ಬಾನೆಟ್ಟಿನ ಮೇಲೆ ಕುಂಕುಮದ ಸ್ವಸ್ತಿಕ, ಒಂದು ಹಾರ, ತೆಂಗಿನಕಾಯಿ, ಚಕ್ರಗಳ ಕೆಳಗೆ ನಿಂಬೆಹಣ್ಣು. ಡ್ಯಾಶ್‌ಬೋರ್ಡಿನ ಮೇಲೆ ಗಣಪ ಕೂರುತ್ತಾನೆ. ಇದನ್ನು ಮೌಢ್ಯ ಎಂದು ತಳ್ಳಿಹಾಕುವವನು ನಾನಲ್ಲ. ನಮ್ಮ ಕಡೆ ಆಯುಧಪೂಜೆಯ ದಿನ ನೇಗಿಲು, ಕುಡುಗೋಲು, ತಕ್ಕಡಿ, ಬಸ್ಸು ಎಲ್ಲಕ್ಕೂ ಅರಿಶಿನ ಕುಂಕುಮ ಏರುತ್ತದೆ. ಅನ್ನ ಕೊಡುವ ಉಪಕರಣದ ಮುಂದೆ ವರ್ಷಕ್ಕೊಮ್ಮೆ ತಲೆಬಾಗುವುದು ನನಗೆ ತೀರ ಸಹಜವಾಗಿ ಕಾಣುತ್ತದೆ. ಆದರೆ ಡ್ಯಾಶ್‌ಬೋರ್ಡಿನ ಗಣಪನನ್ನು ಮಾರನೆಯ ವಾರದಿಂದ ನಾವು ನೋಡುವುದಿಲ್ಲ. ಕಣ್ಣೆದುರಿಗೇ ಇರುತ್ತಾನೆ, ಕೈಗೆಟಕುವಷ್ಟು ಹತ್ತಿರ ಇರುತ್ತಾನೆ, ಅವನ ಎದುರಿಗೇ ನಾವು 580ರಲ್ಲಿ ಪಕ್ಕದ ಕಾರಿನವನನ್ನು ಬಯ್ಯುತ್ತೇವೆ. ಸೂಜಿ ಮಲಗಿರುತ್ತದೆ.

ದೇವರು ಎಲ್ಲೆಡೆ ಇರುವಾಗ ಆವಾಹನೆ ಏಕೆ, ವಿಸರ್ಜನೆ ಏಕೆ ಎಂಬ ಹಳೆಯ ತಕರಾರಿಗೆ ನನಗೆ ಉತ್ತರ ಸಿಕ್ಕಿದ್ದು ಫ್ಯಾರಡೆಯ ಈ ಸೂಜಿಯಲ್ಲಿ. ಚೌತಿಯ ಗಣಪನನ್ನು ಮಣ್ಣಿನಲ್ಲಿ ಮಾಡುತ್ತೇವೆ, ಬಾ ಎಂದು ಕರೆಯುತ್ತೇವೆ, ಉಪಚರಿಸುತ್ತೇವೆ, ಮತ್ತೆ ಬಾ ಎಂದು ಹೇಳಿ ನೀರಿಗೆ ಬಿಡುತ್ತೇವೆ. ಸರ್ವವ್ಯಾಪಿಗೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬರುವ ಹೋಗುವ ವ್ಯತ್ಯಾಸ ಬೇಕಾಗಿರುವುದು ನಮಗೆ. ನಮ್ಮ ಪೂಜಾವಿಧಿಯೆಲ್ಲ ಆರಂಭ ಮತ್ತು ಮುಕ್ತಾಯಗಳಿಂದ ತುಂಬಿದೆ: ಸಂಕಲ್ಪ, ಮಂಗಳಾರತಿ, ಉಪವಾಸ ಹಿಡಿಯುವುದು, ಪಾರಣೆ ಮಾಡುವುದು, ಗರ್ಭಗುಡಿಯ ತೆರೆ ಎಳೆಯುವುದು, ಸರಿಸುವುದು. ತೆರೆ ಸರಿದ ಕ್ಷಣದಲ್ಲಿ ಮೈ ಜುಮ್ಮೆನ್ನುತ್ತದೆ. ತೆರೆಯೇ ಇಲ್ಲದ ಗುಡಿಯಲ್ಲಿ ಹಾಗಾಗುವುದು ಅಪರೂಪ. ಹಿರಿಯರು ಇದನ್ನೆಲ್ಲ ಬರಿಯ ಅಲಂಕಾರಕ್ಕೆ ಇಟ್ಟದ್ದಲ್ಲ ಎಂದೇ ನನ್ನ ನಂಬಿಕೆ.

ಒರೆಸಿ ಶುದ್ಧಮಾಡಬೇಕು ಎಂಬ ಶಂಕರರ ಮಾತು ನನ್ನ ಮನೆಯಲ್ಲೇ ಅರ್ಥವಾಯಿತು. ಊರಿಂದ ಬಂದಿದ್ದ ಅಮ್ಮ ನನ್ನ ಫೋನಿನ ಕವಚದೊಳಗೆ ಲಕ್ಷ್ಮೀನರಸಿಂಹನ ಚಿನ್ನದ ಬಣ್ಣದ ತಗಡಿನ ಚಿತ್ರ ಇಟ್ಟಿದ್ದರು, ದಾರಿಯಲ್ಲಿ ಕಾಯಲಿ ಎಂದು. ಪೀಠದ ಮೇಲೆ ಫೋನು ಇಟ್ಟರೆ ಚಾರ್ಜು ಹಿಡಿಯಲಿಲ್ಲ. ಸುರುಳಿಗಳ ನಡುವೆ ಲೋಹದ ತಗಡು ಬಂದರೆ ಕ್ಷೇತ್ರ ಅದರಲ್ಲೇ ಸುಳಿಗರೆಂಟು ಎಬ್ಬಿಸಿ ಅದನ್ನು ಬಿಸಿಮಾಡುತ್ತದೆ. ಚಾರ್ಜರು ಅನ್ಯವಸ್ತು ಇದೆಯೆಂದು ಗುರುತಿಸಿ ನಿಲ್ಲಿಸಿಬಿಡುತ್ತದೆ. ಹೇಗೆ ಹೇಳುವುದೆಂದು ಅಳುಕುತ್ತಲೇ ಅಮ್ಮನಿಗೆ ಹೇಳಿದೆ. "ಅದಕ್ಕೇನಂತೆ, ತೆಗ್ದು ದೇವ್ರ ಗೂಡಲ್ಲಿಡು. ನರಸಿಂಹನ್ನ ನೆನೆಯೋಕೆ ತಗಡು ಬೇಕೇನೋ?" ಎಂದರು. ದೇವರಿಗೂ ನಮಗೂ ನಡುವೆ ದೇವರ ಚಿತ್ರವೇ ಅಡ್ಡವಾಗಿ ಕೂರಬಹುದು, ನಮಗೆ ಬರಬೇಕಾದದ್ದನ್ನು ತಾನೇ ಹೀರಿ ಬಿಸಿಯಾಗಬಹುದು. ಪದ್ಧತಿಯ ಬಗ್ಗೆ ನನಗೆಷ್ಟು ಗೌರವವಿದೆಯೋ ಈ ಅಪಾಯದ ಬಗ್ಗೆ ಅಷ್ಟೇ ಭಯವೂ ಇದೆ.

ಆಫೀಸಿನಲ್ಲಿ ಮೇಲುಕೋಟೆ ಕಡೆಯ ಗೆಳೆಯರೊಬ್ಬರಿದ್ದಾರೆ. ಪೀಠ ನೋಡಿ, "ಕೊಡೋದು ಯಾರ ಕೆಲಸ ಸ್ವಾಮಿ ಇಲ್ಲಿ? ಚಾರ್ಜರ್ದಾ, ಫೋನಿಂದಾ?" ಎಂದು ಕೇಳಿದರು. ಶ್ರೀವೈಷ್ಣವರಾದ ಅವರ ಮನೆತನದಲ್ಲಿ ಇದು ಶತಮಾನಗಳ ಚರ್ಚೆ. ವಡಗಲೆಯವರದು ಮರ್ಕಟಕಿಶೋರ ನ್ಯಾಯ, ಮರಿ ತಾಯಿಯನ್ನು ಬಿಗಿಯಾಗಿ ಹಿಡಿಯಬೇಕು; ತೆಂಗಲೆಯವರದು ಮಾರ್ಜಾಲಕಿಶೋರ ನ್ಯಾಯ, ಮರಿ ಸುಮ್ಮನಿದ್ದರೆ ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಚಾರ್ಜರಿನ ವಿಷಯಕ್ಕೆ ಬಂದರೆ, ತಂತಿಯಿಲ್ಲದ ಚಾರ್ಜಿಂಗಿನ ಚೀ ಎಂಬ ಮಾನದಂಡದ ಪ್ರಕಾರ ಅದು ಸುಮ್ಮನೆ ಶಕ್ತಿ ಸುರಿಯುವುದಿಲ್ಲ. ಆಗಾಗ ಒಂದು ಕಿರು ಮಿಡಿತ ಕಳಿಸಿ ಎದುರಿಗೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತದೆ. ಫೋನು ಉತ್ತರ ಕೊಡಬೇಕು. ಆಮೇಲೂ ಹೆಚ್ಚು ಬೇಕು, ಕಡಿಮೆ ಸಾಕು ಎಂದು ಫೋನು ಹೇಳುತ್ತಲೇ ಇರಬೇಕು. ಅದರ ಮಾತು ನಿಂತರೆ ಶಕ್ತಿಯೂ ನಿಲ್ಲುತ್ತದೆ. ಮೊದಲು ಹುಡುಕುವವನು ಕೊಡುವವನು, ಕೇಳುತ್ತಲೇ ಇರಬೇಕಾದವನು ಪಡೆಯುವವನು. ಗೆಳೆಯರು ಒಪ್ಪಲಿಲ್ಲ. "ಕೂಗೋ ಶಕ್ತಿನೂ ಆ ಮೊದಲ ಮಿಡಿತದಿಂದಲೇ ಬಂದದ್ದು ತಾನೆ?" ಎಂದರು. ಅದು ನಿಜ. ಫೋನಿನೊಳಗಿನ ಆ ಸುರುಳಿಯ ಸರ್ಕ್ಯೂಟು ಎಚ್ಚರಾಗುವುದೇ ಚಾರ್ಜರಿನ ಮಿಡಿತದಿಂದ. ಈ ಒಂದು ಅಂಶದಲ್ಲಿ ತೆಂಗಲೆಯವರ ಪಕ್ಷ ಗಟ್ಟಿಯಾಗಿದೆ ಎಂದು ಸ್ಮಾರ್ತನಾದ ನಾನೂ ಒಪ್ಪುತ್ತೇನೆ.

ಹೋಲಿಕೆ ಕೊನೆಯವರೆಗೂ ಸಾಗುವುದಿಲ್ಲ. ಚಾರ್ಜರು ಕೊಟ್ಟಷ್ಟೂ ಕಾರಿನ ಬ್ಯಾಟರಿಯಲ್ಲಿ ಕಡಿಮೆಯಾಗುತ್ತದೆ, ಒಂದಷ್ಟು ಶಾಖವಾಗಿ ಹಾಳಾಗುತ್ತದೆ. ಸುರುಳಿ ಒಂದು ಸೆಂಟಿಮೀಟರು ಜರುಗಿದರೂ ಸಿಗುವುದು ಕುಸಿಯುತ್ತದೆ. ದೇವರ ಕೃಪೆ ಇಷ್ಟು ಜಿಪುಣ ಲೆಕ್ಕದ್ದೆಂದು ನಾನು ನಂಬುವುದಿಲ್ಲ. ಆದರೆ ಪಡೆಯುವ ಕಡೆಯ ಲೆಕ್ಕ ನಮ್ಮದು. ಅದನ್ನು ಸರ್ವವ್ಯಾಪಿಯ ಮೇಲೆ ಹೊರಿಸಿ ನಾವು ಸುಮ್ಮನೆ ಕೂರುವುದು ನನ್ನ ದೃಷ್ಟಿಯಲ್ಲಿ ತಪ್ಪು.

ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು 1920ರಲ್ಲಿ ಕಟ್ಟಿದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಶಾಂಕರಭಾಷ್ಯವನ್ನು ಕನ್ನಡಕ್ಕೆ ತಂದಿದ್ದಾರೆ. ಶಂಕರರ ಆ ಆಕ್ಷೇಪವನ್ನು ನಾನು ಓದಿದ್ದು ಅಪ್ಪನ ಬೀರುವಿನಲ್ಲಿದ್ದ ಅವರ ಅನುವಾದದಲ್ಲಿ. ನಿಮ್ಮ ಮನೆಯಲ್ಲೂ ಹಿರಿಯರು ಕೊಂಡಿಟ್ಟ ಪ್ರತಿ ಇದ್ದರೆ ಎರಡನೆಯ ಅಧ್ಯಾಯದ ಎರಡನೆಯ ಪಾದ ತೆರೆಯಿರಿ. ಏಳನೆಯ ಸೂತ್ರದ ಭಾಷ್ಯ ಚಿಕ್ಕದು, ಒಂದೇ ಕೂತಿನಲ್ಲಿ ಓದಿ ಮುಗಿಸಬಹುದು.