ನಿಜವನ್ನು ನಂಬಿಸಲು ಸುಳ್ಳು ಬೇಕೇ?



ನಮ್ಮ ಯುವಜನ ಸಂಘದಲ್ಲಿ ಈಚೆಗೆ ಪದೇ ಪದೇ ಕೇಳಿಬರುವ ಮಾತು ವೀಸಾ. ಅದರಲ್ಲೂ ಮದುವೆಯಾಗಿ ಗಂಡನೋ ಹೆಂಡತಿಯೋ ಇರುವ ದೇಶಕ್ಕೆ ಹೋಗಲು ಕಾಯುತ್ತಿರುವವರು ಪ್ರತಿ ವಾರ್ಡಿನಲ್ಲೂ ಇದ್ದಾರೆ. ನಾವಿಬ್ಬರೂ ಅದೇ ಸಾಲಿನಲ್ಲಿದ್ದೇವೆ. ನಮ್ಮಲ್ಲೊಬ್ಬರು ಕೆನಡಾದ ಕಾಯಂ ನಿವಾಸಿ, ಇನ್ನೊಬ್ಬರು ಇಲ್ಲೇ ಊರಿನಲ್ಲಿ. ಅರ್ಜಿ ಹಾಕುವ ದಾರಿಯಲ್ಲಿ ನಮಗೆ ಎದುರಾದ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಮದುವೆಯಾಗಿ ಮೂರು ವಾರ ಆಗಿತ್ತು. ಏಜೆಂಟರೊಬ್ಬರು ನಮ್ಮ ಕಡತ ತಿರುವಿ ಹಾಕಿ ಹೇಳಿದರು: “ಮದುವೆ ಫೋಟೋ ಬಿಟ್ಟರೆ ನಿಮ್ಮಲ್ಲಿ ಏನೂ ಇಲ್ಲವಲ್ಲ! ನಾಲ್ಕು ಜೊತೆ ಬಟ್ಟೆ ತಗೊಂಡು ಒಂದು ದಿನ ಬೇಕಲ ಕೋಟೆಗೆ ಹೋಗಿ ಬನ್ನಿ. ಕಳೆದ ವರ್ಷ ನಿಶ್ಚಿತಾರ್ಥದ ರಜೆಯಲ್ಲಿ ತೆಗೆದದ್ದು ಅಂತ ಬರೆಯೋಣ. ನಿಮ್ಮ ಮದುವೆ ನಿಜವೇ ತಾನೇ? ಮತ್ತೆ ತಪ್ಪೇನು?”

ನಾವು ಹೋದೆವು. ಅದನ್ನು ಮುಚ್ಚಿಡುವುದಿಲ್ಲ. ಒಂದೇ ಮಧ್ಯಾಹ್ನ ಮೂರು ಸಲ ಬಟ್ಟೆ ಬದಲಾಯಿಸಿ ಫೋಟೋ ತೆಗೆಸಿಕೊಂಡೆವು. ಚೆನ್ನಾಗಿಯೇ ಬಂದವು. ರಾತ್ರಿ ಕುಳಿತು ಒಂದೊಂದಕ್ಕೂ ತಾರೀಖು ಹಾಕಲು ಹೊರಟಾಗ ಕೈ ನಿಂತಿತು. ನಿಶ್ಚಿತಾರ್ಥದ ರಜೆಯಲ್ಲಿ ನಾವು ಭೇಟಿಯಾದದ್ದು ಮೂರೇ ಸಲ, ಮೂರು ಸಲವೂ ಮನೆಯ ಹಿರಿಯರ ಎದುರು. ಈಗ ಇಲ್ಲದ ದಿನಗಳನ್ನು ಇಬ್ಬರೂ ಸೇರಿ ಬಾಯಿಪಾಠ ಮಾಡಬೇಕಿತ್ತು.

ಮೊದಲು ನಮಗೆ ಬಂದದ್ದು ಸಿಟ್ಟು. ಮೊದಲ ಭೇಟಿ ಎಲ್ಲಿ, ಪರಿಚಯ ಮಾಡಿಸಿದವರು ಯಾರು, ಮದುವೆಗೆ ಯಾರು ಯಾರು ಬಂದಿದ್ದರು ಎಂದೆಲ್ಲ ಆ ಫಾರಂ ಕೇಳುತ್ತದೆ. ಮದುವೆ ನಿಜವಾದದ್ದು, ಮುಖ್ಯವಾಗಿ ವಲಸೆಗಾಗಿ ಮಾಡಿಕೊಂಡದ್ದಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರರದ್ದು. ದೇವರ ಮುಂದೆ ಕೊಟ್ಟ ಮಾತನ್ನು ಪರೀಕ್ಷಿಸಲು ಇವರು ಯಾರು ಅನ್ನಿಸಿತು.

ಆದರೆ ನಮ್ಮ ಧರ್ಮಸಭೆಯೂ ಕಣ್ಣುಮುಚ್ಚಿ ಮದುವೆ ಮಾಡಿಸಲಿಲ್ಲ. ಹೊಸದಾಗಿ ತೆಗೆಸಿದ ಜ್ಞಾನಸ್ನಾನದ ಪತ್ರ ಕೇಳಿತು, ಮದುವೆಗೆ ಅಡ್ಡಿಯಿಲ್ಲವೆಂದು ಇನ್ನೊಂದು ಚರ್ಚಿನಿಂದ ಪತ್ರ ತರಿಸಿತು, ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಹೆಸರು ಪ್ರಕಟಿಸಿ ಆಕ್ಷೇಪಣೆ ಇದ್ದರೆ ತಿಳಿಸಿ ಎಂದಿತು. ಆಗ ನಮಗೆ ಅವಮಾನವಾಗಲಿಲ್ಲ. ಒಂದು ವ್ಯತ್ಯಾಸವಂತೂ ಇದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ (1057) ಮದುವೆಯನ್ನು ಮಾಡುವುದು ಇಬ್ಬರ ಒಪ್ಪಿಗೆ. ಬಾಯಲ್ಲಿ ಆಡಿದ ಮಾತಿಗೆ ಮನಸ್ಸೂ ಹೊಂದಿಕೊಂಡಿದೆ ಎಂದೇ ಧರ್ಮಸಭೆ ಭಾವಿಸುತ್ತದೆ (1101). ವೀಸಾ ಅಧಿಕಾರಿಗೆ ಹಾಗೆ ಭಾವಿಸುವ ಅನುಕೂಲ ಇಲ್ಲ. ಐಇಎಲ್‌ಟಿಎಸ್ ಅಂಕ ನೋಡಿ ಒಪ್ಪಂದದ ಮದುವೆ ಕುದುರಿಸುವ ದಂಧೆ ನಮ್ಮ ದೇಶದಲ್ಲೇ ಇದೆ. ಅವರ ಅನುಮಾನಕ್ಕೆ ಕಾರಣ ಉಂಟು.

ಹಾಗಾದರೆ ಏಜೆಂಟರ ಪ್ರಶ್ನೆಗೆ ಉತ್ತರವೇನು? ಮದುವೆ ನಿಜ, ಫೋಟೋದಲ್ಲಿರುವವರು ನಿಜ, ಕೋಟೆ ನಿಜ. ಸುಳ್ಳು ಇರುವುದು ತಾರೀಖಿನಲ್ಲಿ ಮಾತ್ರ. ಅದರಿಂದ ಯಾರಿಗೆ ನಷ್ಟ?

ನಮ್ಮಲ್ಲೊಬ್ಬರಿಗೆ ಬಿ.ಎಸ್ಸಿ. ದಿನಗಳ ಕೆಮಿಸ್ಟ್ರಿ ಲ್ಯಾಬ್ ನೆನಪಾಯಿತು. ಟೈಟ್ರೇಶನ್‌ನಲ್ಲಿ ಬರಬೇಕಾದ ಉತ್ತರ ಮೊದಲೇ ಗೊತ್ತಿದ್ದರೆ, ಬ್ಯುರೆಟ್ ನೋಡದೆ ಅದಕ್ಕೆ ಸರಿಹೊಂದುವ ರೀಡಿಂಗನ್ನು ರೆಕಾರ್ಡಿನಲ್ಲಿ ಬರೆಯುವುದು ಅನೇಕರಿಗೆ ಅಭ್ಯಾಸ. ಉತ್ತರ ಸರಿಯೇ. ಆದರೆ ಅದು ಪ್ರಯೋಗ ಹೇಳಿದ ಉತ್ತರವಲ್ಲ. ಎಲ್ಲರೂ ಹಾಗೆ ಮಾಡಿದರೆ ನಿಜವಾಗಿ ಅಳೆದವರ ರೆಕಾರ್ಡನ್ನೂ ಯಾರೂ ನಂಬುವುದಿಲ್ಲ. ನಷ್ಟ ಇರುವುದು ಅಲ್ಲಿ. ಒಂದು ಸುಳ್ಳು ತಾರೀಖು ಸಿಕ್ಕಿಬಿದ್ದರೆ, ಮುಂದಿನ ಪ್ರಾಮಾಣಿಕ ದಂಪತಿಗಳ ಫೋಟೋವನ್ನು ಆ ಅಧಿಕಾರಿ ಇನ್ನಷ್ಟು ಅನುಮಾನದಿಂದ ನೋಡುತ್ತಾರೆ. ನಾವು ಇಂದು ಅನುಭವಿಸುತ್ತಿರುವ ಅನುಮಾನವೂ ನಮಗಿಂತ ಮುಂಚಿನವರು ಬಿಟ್ಟುಹೋದ ಸಾಲವೇ.

ಆದಿಕಾಂಡದ 12ನೇ ಅಧ್ಯಾಯದಲ್ಲಿ ಗಡಿ ದಾಟುವ ಒಂದು ದಂಪತಿಯ ಕಥೆ ಇದೆ. ಬರಗಾಲಕ್ಕೆ ಹೆದರಿ ಈಜಿಪ್ಟಿಗೆ ಹೊರಟ ಅಬ್ರಹಾಮ, ಅಲ್ಲಿಯವರು ತನ್ನನ್ನು ಕೊಂದಾರೆಂದು ಅಂಜಿ, ಪತ್ನಿ ಸಾರಾಳಿಗೆ ತಂಗಿ ಎಂದು ಹೇಳಿಕೊಳ್ಳಲು ತಿಳಿಸಿದ. ಅದು ಅರ್ಧ ನಿಜ. ಆಕೆ ತಂದೆಯ ಕಡೆಯಿಂದ ತಂಗಿಯೂ ಹೌದೆಂದು 20ನೇ ಅಧ್ಯಾಯದಲ್ಲಿ ಬರುತ್ತದೆ. ಆದರೆ ಆ ಮಾತಿನ ಪೆಟ್ಟು ಬಿದ್ದದ್ದು ಏನೂ ಅರಿಯದ ಫರೋಹನ ಮನೆಯ ಮೇಲೆ. ಕೊನೆಗೆ, ಆಕೆ ನಿನ್ನ ಹೆಂಡತಿಯೆಂದು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದವನು ಆ ಪರದೇಶದ ಅರಸ. ನಂಬಿಕೆಯ ಪಿತಾಮಹನಿಗೆ ಸತ್ಯದ ಪಾಠ ಹೇಳಿದವನು ಅನ್ಯ! ಅಬ್ರಹಾಮ ಸತ್ಯವನ್ನು ಮರೆಮಾಡಿದನೇ ಹೊರತು ಸುಳ್ಳಾಡಲಿಲ್ಲ ಎಂದು ಸಂತ ಅಗಸ್ಟೀನರು ವಾದಿಸಿದ್ದಾರೆ. ಆ ವಾದ ನಮ್ಮ ನೆರವಿಗೆ ಬರಲಿಲ್ಲ. ಅವನು ಇದ್ದದ್ದನ್ನು ಮುಚ್ಚಿದ. ನಾವು ಇಲ್ಲದ್ದನ್ನು ಕಟ್ಟಲು ಹೊರಟಿದ್ದೆವು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಸಣ್ಣದಲ್ಲ. ಅವರ ಪ್ರಶ್ನೆಗಳು ಮದುವೆಗೆ ಮುಂಚೆ ಜೊತೆಯಾಗಿ ತಿರುಗಾಡುವವರ ಬದುಕಿಗೆ ಹೊಂದುವಂಥವು. ನಮ್ಮ ವಾಟ್ಸಾಪ್ ತೆರೆದರೆ ಇರುವುದು “ಊಟ ಆಯ್ತಾ?”, “ಮಳೆ ಉಂಟಾ?”, “ಅಮ್ಮನ ಬಿಪಿ ಎಷ್ಟು?” ಅದನ್ನು ಇಂಗ್ಲಿಷಿಗೆ ಅನುವಾದಿಸಿ ಕಳುಹಿಸಿದರೆ ಅಧಿಕಾರಿಗೆ ಅದರಲ್ಲಿ ಪ್ರೀತಿ ಕಾಣುತ್ತದೆಯೇ? ಸತ್ಯ ತನ್ನ ಉಡುಪಿನಲ್ಲಿ ಹೋದರೆ ಯಾರೂ ಗುರುತಿಸದಿದ್ದಾಗ, ಬೇರೆ ಉಡುಪು ತೊಡಿಸಿದರೆ ತಪ್ಪೇ?

ನಮಗೆ ಹೊಳೆದ ಉತ್ತರ ಇಷ್ಟು: ಸತ್ಯವನ್ನು ವಿವರಿಸಬಹುದು, ತಿದ್ದಬಾರದು. ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಚರ್ಚಿನಲ್ಲಿ ಮತ್ತೊಂದು ಆಡುವ ನಮ್ಮ ಕಾಸರಗೋಡಿನವರಿಗೆ ಇದು ಹೊಸತಲ್ಲ. ಭಾಷೆ ಬದಲಾಯಿಸುವಾಗ ನಾವು ವಿಷಯ ಬದಲಾಯಿಸುವುದಿಲ್ಲ. ಆದ್ದರಿಂದ ಒಂದು ಪತ್ರ ಬರೆದೆವು. ಮನೆಯವರು ನೋಡಿ ಒಪ್ಪಿಸಿದ ಮದುವೆ, ಮುಂಚೆ ಮೂರೇ ಸಲ ಭೇಟಿ, ನಮ್ಮಲ್ಲಿ ರೂಢಿ ಹೀಗೆ, “ಊಟ ಆಯ್ತಾ” ಎಂದರೆ ನಮ್ಮಲ್ಲಿ ಇಷ್ಟು ಅರ್ಥ ಎಂದು ನೇರವಾಗಿ ಹೇಳಿದೆವು. ವಿವಾಹ ಪ್ರಕಟಣೆಯ ಬಗ್ಗೆ ವಿಚಾರಣೆ ಗುರುಗಳ ಪತ್ರ, ಎರಡೂ ಮನೆಯವರ ಪತ್ರ ಸೇರಿಸಿದೆವು. ಫೋಟೋ 20ರವರೆಗೆ ಕಳುಹಿಸಬಹುದು, ನಮ್ಮಲ್ಲಿದ್ದದ್ದು 11.

ತಪ್ಪು ಮಾಹಿತಿ ಕೊಟ್ಟರೆ ಐದು ವರ್ಷ ನಿಷೇಧ ಎಂದು ಕೆನಡಾದ ಕಾನೂನು ಹೇಳುತ್ತದೆ. ಆದರೆ ಆ ಹೆದರಿಕೆಯಿಂದಷ್ಟೇ ಸುಮ್ಮನಾದವರು, ಸಿಕ್ಕಿಬೀಳುವುದಿಲ್ಲ ಎಂದು ಖಾತ್ರಿಯಾದ ದಿನ ಬದಲಾಗುತ್ತಾರೆ. ನಮ್ಮನ್ನು ತಡೆದದ್ದು ಬೇರೆ. ಹೌದನ್ನು ಹೌದೆಂದೇ ಹೇಳಬೇಕೆಂದು ಯೇಸುಸ್ವಾಮಿ ಬೆಟ್ಟದ ಮೇಲಿನ ಬೋಧನೆಯಲ್ಲಿ ಕಲಿಸಿದರು. ಮೂರು ವಾರದ ಹಿಂದೆ ಪೀಠದ ಮುಂದೆ ನಾವು ಹೇಳಿದ್ದೂ ಒಂದು ಹೌದು. ಗಂಡಹೆಂಡಿರಾಗಿ ಸೇರಿ ಮಾಡುವ ಮೊದಲ ಕೆಲಸವೇ ಒಂದು ಸುಳ್ಳಾದರೆ, ಮುಂದೆ ಒಬ್ಬರ ಮಾತನ್ನು ಇನ್ನೊಬ್ಬರು ಯಾವ ಧೈರ್ಯದಿಂದ ನಂಬುವುದು?

ಉತ್ತರ ಇನ್ನೂ ಬಂದಿಲ್ಲ. ಸತ್ಯ ಹೇಳಿದ್ದಕ್ಕೆ ವೀಸಾ ಸಿಕ್ಕಿಯೇ ಸಿಗುತ್ತದೆ ಎಂದು ನಾವು ಯಾರಿಗೂ ಭರವಸೆ ಕೊಡಲಾರೆವು. ಕೆಲವು ರಾತ್ರಿ, ಏಜೆಂಟರ ಮಾತು ಕೇಳಬೇಕಿತ್ತೇನೋ ಎಂದೂ ಅನ್ನಿಸಿದೆ. ಇದೇ ದಾರಿಯಲ್ಲಿರುವ ತಮ್ಮ ತಂಗಿಯರು ಭಾನುವಾರ ಬಲಿಪೂಜೆಯ ನಂತರ ಬಂದು ಮಾತಾಡಿ. ಪತ್ರ ಬರೆಯಲು ನಾವು ಜೊತೆ ಕೂರುತ್ತೇವೆ. ನಮಗಾಗಿಯೂ ಪ್ರಾರ್ಥಿಸಿ.

ಅಂದಹಾಗೆ, ಆ 11ರಲ್ಲಿ ಬೇಕಲ ಕೋಟೆಯದ್ದೂ ಒಂದು ಇದೆ. ಅದರ ಕೆಳಗೆ ಹಾಕಿದ ತಾರೀಖು ಸರಿಯಾದದ್ದು.