ನೆನಪಿದ್ದವನಿಗೆ ಹಾಳೆ ಏಕೆ?

ನಾಜಿಗಳ ಕಾಲವನ್ನು ದಾಟಿ ಬಂದ ಯೆಹೂದಿ ಮನೆತನದ ಪ್ರಾರ್ಥನಾ ಪುಸ್ತಕವನ್ನು ಕಂಡವರು ‘ದೇವರೇ ಕಾಪಾಡಿದ’ ಎನ್ನುವುದುಂಟು. ಭಕ್ತಿಯಿಂದ ಬಂದ ಮಾತಾದರೂ ನಾನು ಒಪ್ಪಲಾರೆ. ಹಾಗೆಂದರೆ, ಪುಸ್ತಕವನ್ನು ಕಾಪಾಡಿದವನು 60 ಲಕ್ಷ ಯೆಹೂದಿಗಳ ಕೈಬಿಟ್ಟ ಎಂದೂ ಹೇಳಬೇಕಾಗುತ್ತದೆ. ಅದಕ್ಕಿಂತ ಕಹಿಯಾದ ಸಂಗತಿ, ಪುಸ್ತಕಗಳನ್ನು ಉಳಿಸಿದವರಲ್ಲಿ ಕೊಲೆಗಡುಕರೂ ಇದ್ದರು. ನಾಜಿ ನಾಯಕ ರೋಸೆನ್‌ಬರ್ಗ್‌ನ ಪಡೆ ಯೆಹೂದಿ ಮನೆ, ಸಿನಗಾಗ್, ಗ್ರಂಥಾಲಯಗಳನ್ನು ದೋಚಿ, ‘ಶತ್ರುವಿನ ಅಧ್ಯಯನ’ಕ್ಕೆಂದು ಪುಸ್ತಕಗಳನ್ನು ರಾಶಿ ಹಾಕಿತು. ಯುದ್ಧ ಮುಗಿದ ಮೇಲೆ, ದೋಚಿದ್ದನ್ನು ಹಿಂದಿರುಗಿಸಲೆಂದು 1946ರಲ್ಲಿ ಅಮೆರಿಕದ ಸೇನೆ ಜರ್ಮನಿಯ ಆಫನ್‌ಬಾಖ್‌ನಲ್ಲಿ ತೆರೆದ ಕೇಂದ್ರದ ಮೂಲಕ ಹಾದುಹೋದ ಪುಸ್ತಕಗಳೇ ಸುಮಾರು 30 ಲಕ್ಷ. ಉಳಿಯಿತು ಎಂಬುದರಿಂದಷ್ಟೇ ಏನೂ ಸಾಬೀತಾಗದು. ಯಾರು, ಯಾರಿಗಾಗಿ ಉಳಿಸಿದರು ಎಂದು ಕೇಳಬೇಕು.

ಯಾರಿಗಾಗಿ ಎಂಬುದಕ್ಕೆ ಒಂದು ನಿದರ್ಶನ: ನಾಜಿಗಳ ವುಲ್ಫ್ಸ್‌ಬರ್ಗ್ ದುಡಿಮೆ ಶಿಬಿರದಲ್ಲಿ 1944ರಲ್ಲಿ ಒಬ್ಬ ಯೆಹೂದಿ ಕೈದಿ ತನ್ನ ಪಾಲಿನ ರೊಟ್ಟಿಯನ್ನು ಕೊಟ್ಟು, ಸಿಮೆಂಟ್ ಚೀಲದ ಕಾಗದದ ತುಂಡುಗಳನ್ನೂ ಪೆನ್ಸಿಲನ್ನೂ ಪಡೆದ. ಹೊಸ ವರ್ಷದ ಹಬ್ಬವಾದ ರೋಶ್ ಹಷಾನಾದ ಪ್ರಾರ್ಥನೆಗಳನ್ನು ಬಾಯಿಪಾಠದಿಂದಲೇ ಅವುಗಳ ಮೇಲೆ ಬರೆದ. ಇದಕ್ಕೆ ಆಕ್ಷೇಪ ಯೆಹೂದಿ ಧರ್ಮಶಾಸ್ತ್ರದೊಳಗಿಂದಲೇ ಬರುತ್ತದೆ. ವಿಗ್ರಹಾರಾಧನೆ, ಕೊಲೆ, ನಿಷಿದ್ಧ ಲೈಂಗಿಕ ಸಂಬಂಧ, ಈ ಮೂರನ್ನು ಬಿಟ್ಟರೆ ಜೀವ ಉಳಿಸಿಕೊಳ್ಳಲು ಯಾವ ವಿಧಿಯನ್ನಾದರೂ ಮೀರಲೇಬೇಕು. ಹಸಿವೇ ಕೊಲ್ಲುತ್ತಿದ್ದ ಜಾಗದಲ್ಲಿ ರೊಟ್ಟಿ ಕೊಟ್ಟು ಕಾಗದ ಕೊಂಡದ್ದು ತಪ್ಪಲ್ಲವೇ? ಆಕ್ಷೇಪಕ್ಕೆ ತೂಕವಿದೆ. ಕಾಗದ ಕೊಳ್ಳದೆ ರೊಟ್ಟಿ ತಿಂದವರು ಎಳ್ಳಷ್ಟೂ ಕಡಿಮೆ ಧರ್ಮಿಷ್ಠರಲ್ಲ ಎಂಬುದನ್ನು ಮೊದಲು ಹೇಳಿಬಿಡಬೇಕು. ಆದರೆ ಆ ಕೈದಿಗೆ ಪ್ರಾರ್ಥನೆಗಳು ಬಾಯಿಗೆ ಬರುತ್ತಿದ್ದವು. ತನ್ನೊಬ್ಬನ ಪ್ರಾರ್ಥನೆಗೆ ಹಾಳೆಯೇ ಬೇಕಿರಲಿಲ್ಲ. ಬರಹ ಬೇಕಾದದ್ದು ಪಕ್ಕದಲ್ಲಿ ನಿಂತವರಿಗೆ, ಮರೆತವರಿಗೆ, ತಾನು ಸತ್ತರೆ ಮುಂದುವರಿಸಬೇಕಾದವರಿಗೆ. ವಸ್ತುವಿನ ಮೇಲಿನ ಮೋಹ ಎಂದು ಇದನ್ನು ತಳ್ಳಿಹಾಕುವುದು ಅನ್ಯಾಯ.

ಮನೆಯ ಪ್ರಾರ್ಥನಾ ಪುಸ್ತಕಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಅದರ ಖಾಲಿ ಹಾಳೆಯಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಬರೆದಿಡುವ ರೂಢಿ ಹಲವು ಮನೆಗಳಲ್ಲಿತ್ತು. ಅಜ್ಜನ ಸಾವಿನ ದಿನ ತಿಳಿದಿದ್ದರೆ ತಾನೇ ಆ ದಿನ ಮೊಮ್ಮಗ ಸತ್ತವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಯನ್ನು ಹೇಳುವುದು? ಅದೂ ಒಬ್ಬನೇ ಹೇಳುವ ಪ್ರಾರ್ಥನೆಯಲ್ಲ; ಸಂಪ್ರದಾಯದ ಪ್ರಕಾರ ಹತ್ತು ಜನ ಸೇರಬೇಕು. ಪುಸ್ತಕ ಉಳಿದು ಮನೆತನವೇ ಅಳಿದಿದ್ದರೆ? ಸವೆದ ಪವಿತ್ರ ಗ್ರಂಥಗಳನ್ನು ಹೂಳುವ ಪದ್ಧತಿ ಯೆಹೂದಿಗಳಲ್ಲಿದೆ, ಗಾಜಿನ ಪೆಟ್ಟಿಗೆಯಲ್ಲಿಡುವ ವಸ್ತುಸಂಗ್ರಹಾಲಯಗಳೂ ಇವೆ. ಎರಡೂ ಗೌರವವೇ. ಆದರೆ ಅದಕ್ಕೆ ಮೊದಲು ಆ ಖಾಲಿ ಹಾಳೆಯ ಹೆಸರು, ತಾರೀಖುಗಳನ್ನು ಯಾರಾದರೂ ನಕಲು ಮಾಡಿಕೊಳ್ಳಲಿ. ಕದ್ದಿಶ್ ಹೇಳಲು ರಕ್ತಸಂಬಂಧಿಯೇ ಆಗಬೇಕೆಂದಿಲ್ಲ.